ಪೂವಮ್ಮನ ಮುಂದೆ ಚೆನ್ನು

ಎಂಬತ್ತೈದು ದಾಟಿದವರಿಗೆ ಮನೆಯಲ್ಲೇ ಓಟು ಎಂದು ಅಧಿಕಾರಿಗಳು ಬಂದು ಕೂತರೂ ಪೂವಮ್ಮ ಪೆನ್ನು ಮುಟ್ಟಲಿಲ್ಲ.

"ಸಾಲು ಇಲ್ಲದೆ ಎಂತ ಓಟು ಮಾರಾಯ್ರೆ? ಚೆನ್ನು ಬರಲಿ."

ಲೋಕಸಭೆಗೆ ಮೊದಲ ಓಟು ಹಾಕಿದ ದಿನ ಪಕ್ಕದ ಮನೆಯ ಚೆನ್ನು ಅವಳ ಮುಂದೆ ನಿಂತಿದ್ದಳು. ಆಮೇಲೆ ಜೊತೆಗಿದ್ದ ಕೊಡಗು ಬೇರೆ ಕ್ಷೇತ್ರಕ್ಕೆ ಹೋಯಿತು, ಮಂಗಳೂರು ಕ್ಷೇತ್ರದ ಹೆಸರು ದಕ್ಷಿಣ ಕನ್ನಡವಾಯಿತು. ಇವರಿಬ್ಬರ ಸಾಲು ಮಾತ್ರ ಒಮ್ಮೆಯೂ ತಪ್ಪಲಿಲ್ಲ.

"ಅಜ್ಜಿ, ನಮಗೆ ಇನ್ನೂ ಹತ್ತು ಮನೆ ಉಂಟು," ಎಂದು ಅಧಿಕಾರಿ ಎದ್ದೇಬಿಟ್ಟರು.

ಅಷ್ಟರಲ್ಲಿ ಮೊಮ್ಮಗಳು ಸುರಕ್ಷಾ ಚೆನ್ನುವಿನ ಕೈಹಿಡಿದು ಕರೆತಂದಳು.

"ನನಗಿನ್ನೂ ಎಂಬತ್ತನಾಲ್ಕೇ. ನಾನು ಬೂತಿಗೆ ನಡೆದೇ ಹೋಗುದು!" ಎಂದು ಕೆಣಕುತ್ತಾ ಚೆನ್ನು ಪೂವಮ್ಮನ ಕುರ್ಚಿಯ ಮುಂದೆ ನಿಂತಳು.

"ಮುಂದೆ ಹೋಗೇ, ಸಾಲು ನಡೆಯಲಿ," ಎಂದು ಪೂವಮ್ಮ ಊರುಗೋಲಿನಿಂದ ತಿವಿದಳು. ಚೆನ್ನು ನಗುತ್ತಾ ಬದಿಗೆ ಸರಿದಳು.

ಅಧಿಕಾರಿ ಮತ್ತೆ ಕೂತು, ಗಂಟಲು ಸರಿಮಾಡಿಕೊಂಡು ಕೂಗಿದರು: "ಮುಂದಿನವರು ಬನ್ನಿ!"

ಪೂವಮ್ಮ ಎಡಗೈಯ ತೋರುಬೆರಳು ಚಾಚಿದಳು.