ಭಾನುವಾರದ ಮಾತ್ರೆ

"ಸಾಕು ಏಳೇ ಬೇವರ್ಸಿ, ನಿಮ್ಮಪ್ಪನ ಮನೆ ಹಾಸಿಗೆ ಅನ್ಕೊಂಡ್ಯಾ?"

ಮೇಸ್ತ್ರಿಯ ಈ ಮಾತಿನಿಂದಲೇ ಅವಳಿಗೆ ತಾನು ಮತ್ತೆ ಬಿದ್ದದ್ದು ತಿಳಿಯಿತು. ಫಿಟ್ಸ್ ಬಂದು ಬಿದ್ದವಳಿಗೆ ಬಿದ್ದದ್ದು ಗೊತ್ತಾಗುವುದಿಲ್ಲ. ಎದ್ದ ಮೇಲೆ ಸುತ್ತಲಿನವರ ಮುಖ ನೋಡಿ, ಮೈಯಲ್ಲಿ ಎಲ್ಲೆಲ್ಲಿ ನೋವಿದೆಯೆಂದು ತಡವಿಕೊಂಡು, ಏನೇನಾಯಿತೆಂದು ಅಂದಾಜು ಮಾಡಬೇಕು. ಉಟ್ಟ ಬಟ್ಟೆ ಒದ್ದೆಯಾಗಿತ್ತು. ಅದರಲ್ಲಿ ಬಕೆಟ್ಟಿನಿಂದ ಸುರಿದ ನೀರೆಷ್ಟು, ತಾನಾಗಿ ಆದದ್ದೆಷ್ಟು ಎಂದು ಯಾರನ್ನೂ ಕೇಳುವಂತಿರಲಿಲ್ಲ. ಮುಂದಿನ ಹಲ್ಲಿನ ತುದಿ ಮುರಿದಿತ್ತು. ನಾಲಿಗೆ ಕಚ್ಚಿಕೊಳ್ಳದಿರಲೆಂದು ಮೇಸ್ತ್ರಿ ಬಾಯಿಗೆ ಮರದ ತುಂಡು ತುರುಕಿದ್ದನಂತೆ. ಅದುರುವ ಮೈ ನಿಲ್ಲಲೆಂದು ಎದೆಯ ಮೇಲೆ ಮಂಡಿಯೂರಿದ್ದನಂತೆ. ಮಾಡಿದ ಉಪಕಾರವನ್ನು ಸಂಜೆಯವರೆಗೂ ಅವನೇ ಎಲ್ಲರಿಗೂ ಹೇಳಿಕೊಂಡು ಓಡಾಡಿದ.

ಅದು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕಾರ್ಖಾನೆ. ರೋಗಿಗಳ ಚಾದರಗಳು ಗಂಟುಗಂಟಾಗಿ ಬಂದು, ಕುದಿದು, ಬಿಸಿ ಉರುಳೆಗಳ ನಡುವೆ ಚಪ್ಪಟೆಯಾಗಿ ಹೊರಬೀಳುತ್ತಿದ್ದವು. ಹೊರಬಂದದ್ದನ್ನು ಇಬ್ಬರು ಹೆಂಗಸರು ಆಚೆ ತುದಿ ಈಚೆ ತುದಿ ಹಿಡಿದು, ಎದುರುಬದುರು ನಡೆದು ಬಂದು ಮಡಿಸಬೇಕು. ಅವಳಿಗೆ ಜೋಡಿ ಅವಳ ಓರಗಿತ್ತಿ. ಮನೆಯಲ್ಲಿ ಹಾವು ಮುಂಗುಸಿಯಂತಿದ್ದ ಇಬ್ಬರೂ ಇಲ್ಲಿ ದಿನವಿಡೀ ಕೈಗೆ ಕೈ ಕೂಡಿಸಲೇಬೇಕಾದ್ದರಿಂದ ಜಗಳವನ್ನು ಮನೆಗೇ ಮೀಸಲಿಟ್ಟಿದ್ದರು. ಕೆಲವು ಚಾದರಗಳ ಅಂಚಿನಲ್ಲಿ ನರರೋಗ ವಿಭಾಗ ಎಂದು ಹೊಲಿದಿತ್ತು. ಅವಳ ಹಾಗೆ ಬೀಳುವ ಉಳ್ಳವರು ಅದರ ಮೇಲೆ ಮಲಗಿ ಗುಣವಾಗುತ್ತಿದ್ದರು. ಅವಳಿಗೆ ಮಾತ್ರೆ ಕೊಡುತ್ತಿದ್ದದ್ದು ಊರಾಚೆಯ ಸರಕಾರಿ ದವಾಖಾನೆ.

ಅವಳು ಬೀಳುತ್ತಿದ್ದದ್ದು ಬಹುಪಾಲು ಸೋಮವಾರ. ಅದಕ್ಕೇ ಕಾರ್ಖಾನೆಯಲ್ಲಿ ಅವಳ ಹೆಸರು ಸೋಮವಾರದಮ್ಮ. ಭಾನುವಾರ ಕುಡಿದದ್ದು ಸೋಮವಾರ ಇಳಿಯುತ್ತದೆ ಎಂದು ಮೇಸ್ತ್ರಿಯ ಅಂಬೋಣ. ಕಾರ್ಖಾನೆಯ ಧಣಿ ಅಷ್ಟು ದೂರ ಯೋಚಿಸುವವನಲ್ಲ, ಒಂದೇ ಮಾತಿನಲ್ಲಿ ಅದನ್ನು ನಾಟಕ ಎಂದುಬಿಟ್ಟಿದ್ದ. ಬೀಳುವಾಗ ಕೈಜಾರಿ ಕೊಳೆಯಾದ ಚಾದರವನ್ನು ಅವಳೇ ಮತ್ತೆ ಒಗೆದುಕೊಡಬೇಕಿತ್ತು.

ಹಲ್ಲು ಮುರಿದ ಮೇಲೆ ಓರಗಿತ್ತಿ ಅವಳನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ತಲೆ ಎತ್ತದೆ ಚೀಟಿ ಬರೆಯುತ್ತಿದ್ದವಳು, ಓರಗಿತ್ತಿ ಹೇಳಿದ ಸೋಮವಾರ ಎಂಬ ಮಾತು ಕಿವಿಗೆ ಬಿದ್ದು ಪೆನ್ನು ಕೆಳಗಿಟ್ಟಳು.

"ಭಾನುವಾರ ಮಾತ್ರೆ ತಗೊಂಡಿದ್ಯಾ?"

"ಭಾನುವಾರ ಕೆಲಸ ಇರಲ್ವಲ್ಲ, ಡಾಕ್ಟ್ರಮ್ಮ."

ಅವರ ಕೇರಿಯಲ್ಲಿ ಎಲ್ಲರೂ ಹಾಗೆಯೇ. ಕೆಮ್ಮಿನ ಔಷಧಿ, ಸೊಂಟದ ಮುಲಾಮು, ಎಲ್ಲವೂ ಕೆಲಸದ ದಿನಕ್ಕೆ. ಔಷಧಿ ಇರುವುದು ದುಡಿಯುವುದಕ್ಕೆ. ಕೆಲಸವಿಲ್ಲದೆ ಮನೆಯಲ್ಲಿ ಬಿದ್ದುಕೊಂಡಿರುವ ದಿನ ಅದನ್ನು ನುಂಗಿದರೆ ದಂಡ. ಮಿಗಿಸಿದ ಮಾತ್ರೆ ಮುಂದಿನ ವಾರಕ್ಕಾಯಿತು, ದವಾಖಾನೆಯ ಸಾಲಿನಲ್ಲಿ ನಿಲ್ಲಲು ಒಂದು ದಿನ ಕೆಲಸ ತಪ್ಪಿಸಿ ಬರುವುದೂ ಅಷ್ಟು ಮುಂದೆ ಹೋಯಿತು.

"ಭಾನುವಾರ ಉಸಿರಾಡೋದೂ ಬಿಡ್ತೀಯೇನು?" ಎಂದಳು ಡಾಕ್ಟರಮ್ಮ.

ಬೈದು ಮುಗಿಸಿದ ಮೇಲೆ ಬಿಡಿಸಿ ಹೇಳಿದಳು. ದೆವ್ವವಲ್ಲ, ಶಾಪವಲ್ಲ, ಅಂಟುವುದೂ ಇಲ್ಲ. ಮಿದುಳಿನಲ್ಲಿ ಸಣ್ಣಗೆ ಓಡಾಡುವ ಕರೆಂಟು ಒಮ್ಮೊಮ್ಮೆ ಎಲ್ಲ ಕಡೆ ಒಟ್ಟಿಗೆ ನುಗ್ಗುತ್ತದೆ, ಮಾತ್ರೆ ಅದನ್ನು ತಡೆದು ಹಿಡಿಯುತ್ತದೆ, ಒಂದು ದಿನ ತಪ್ಪಿದರೂ ಹಿಡಿತ ಸಡಿಲ. ಬಿದ್ದಾಗ ಹಿಡಿದು ಅದುಮಬಾರದು, ಬಾಯಿಗೆ ಏನೂ ತುರುಕಬಾರದು. ಮಗ್ಗುಲಿಗೆ ಹೊರಳಿಸಿ, ತಲೆ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಪಕ್ಕದಲ್ಲಿರಬೇಕು. ಐದು ನಿಮಿಷವಾದರೂ ನಿಲ್ಲದಿದ್ದರೆ ಎತ್ತಿಕೊಂಡು ಬರಬೇಕು. ಒಬ್ಬಳೇ ಇರುವಾಗ ಬಚ್ಚಲಿಗೂ ಅಗಳಿ ಹಾಕಕೂಡದು, ಬೋರಲು ಬಿದ್ದರೆ ಉಸಿರು ಕಟ್ಟಿ ಅಲ್ಲೇ ಮುಗಿಯುತ್ತದೆ.

ಅಲ್ಲಿಂದಾಚೆಗೆ ಅವಳು ಭಾನುವಾರವೂ ಮಾತ್ರೆ ನುಂಗಿದಳು. ಸೋಮವಾರಗಳು ಬಂದವು, ಹೋದವು. ಅವಳು ಬೀಳಲಿಲ್ಲ. ಬೆಳಗ್ಗೆ ಎದ್ದರೆ ನಾಲಿಗೆಯಲ್ಲಿ ಗಾಯವಿಲ್ಲದೆ ಇರುವುದೂ ಒಂದು ಸುಖವೆಂದು ಅವಳಿಗೆ ಆಗಲೇ ಗೊತ್ತಾದದ್ದು. ಆದರೂ ಹೆಸರು ಸೋಮವಾರದಮ್ಮ ಎಂದೇ ಉಳಿಯಿತು.

ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಮೇಸ್ತ್ರಿ ನೋಡಿದ. ಅವನು ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಆಸಾಮಿಯಲ್ಲ. ಧಣಿ ಕರೆಸಿ ವಿಚಾರಣೆ ಮಾಡಿದ. ಬೀಳುತ್ತಿದ್ದಾಗ ನಾಟಕವಾಗಿದ್ದದ್ದು, ಬೀಳುವುದು ನಿಂತ ಮೇಲೆ ರೋಗವಾಯಿತು. ಆಸ್ಪತ್ರೆಯ ಬಟ್ಟೆಯನ್ನು ರೋಗಿಷ್ಠೆಯ ಕೈಲಿ ಮಡಿಸಿದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಕೇಳಿದ. ಹಾಗೆಂದು ಕೆಲಸದಿಂದ ತೆಗೆಯಲಿಲ್ಲ. ಕೊಳೆ ಕೋಣೆಯಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಅಲ್ಲಿಗೆ ಒಂದು ಆಳು ಬೇಕಿತ್ತು.

ಕೊಳೆ ಕೋಣೆಗೆ ಕಿಟಕಿಯಿಲ್ಲ. ಬಂದ ಗಂಟುಗಳನ್ನು ಅಲ್ಲಿ ಬಿಚ್ಚಿ, ರಕ್ತದ್ದು, ಕೀವಿನದು, ಹೇಲಿನದು ಎಂದು ಬೇರೆ ಮಾಡಬೇಕು. ಇನ್ನು ಮುಂದೆ ಅದು ಅವಳೊಬ್ಬಳದೇ ಕೆಲಸ. ಬಾಗಿಲಿಗೆ ಹೊರಗಿನಿಂದ ಅಗಳಿ, ಅವಳು ಬಿದ್ದರೆ ಉಳಿದವರು ಕೆಲಸ ಬಿಟ್ಟು ನೋಡುತ್ತಾ ನಿಲ್ಲಬಾರದೆಂದು.

ಮಾರನೆಯ ದಿನ ಓರಗಿತ್ತಿ ಚಾದರದ ಎರಡು ಮೂಲೆ ಹಿಡಿದುಕೊಂಡೇ ಮೇಸ್ತ್ರಿಯನ್ನು ಕೇಳಿದಳು. "ಒಳಗೆ ಬೋರಲು ಬಿದ್ರೆ ಹೊರಳಿಸೋರು ಯಾರು?"

"ಬಟ್ಟೆ ರಾಶಿ ಮೇಲೆ ತಾನೆ ಬೀಳೋದು? ಅಷ್ಟು ಮೆತ್ತನೆ ಹಾಸಿಗೆ ನಿಮ್ಮ ಮನೇಲಿದ್ಯಾ?"

ಮೇಸ್ತ್ರಿ ತಾನೊಬ್ಬನೇ ನಕ್ಕು, ಸೋಮವಾರದಮ್ಮನನ್ನು ಒಳಗೆ ತಳ್ಳಿದ.

ಒಳಗಿನ ನಾತಕ್ಕೆ ಅವಳು ಹೆದರಲಿಲ್ಲ. ಒದ್ದೆ ಚಾದರದಲ್ಲಿ ಮೂಗು ಬಾಯಿ ಹುಗಿದು, ತಾನು ಸತ್ತದ್ದು ತನಗೇ ತಿಳಿಯದೆ ಸಾಯುವುದಕ್ಕೆ ಹೆದರಿದಳು. ಮೇಸ್ತ್ರಿ ಬಾಗಿಲನ್ನು ಎಳೆದುಕೊಳ್ಳುವಷ್ಟರಲ್ಲಿ ನಾಲ್ಕು ಬೆರಳನ್ನು ಚೌಕಟ್ಟಿನ ಮೇಲಿಟ್ಟಳು.

"ಕೈ ತೆಗಿಯೇ, ಲೌಡಿ."

"ಕೆಲಸ ಮಾಡ್ತೀನಿ. ಬಾಗಿಲು ತೆಗೆದಿರ್ಲಿ."

"ಧಣಿ ಮಾತು ಮೀರ್ತೀಯಾ? ಬೆರಳು ಹೋಗುತ್ತೆ ನೋಡು."

"ಹೋಗ್ಲಿ. ಬೆರಳು ಹೋದ್ರೆ ನಂಗೆ ಗೊತ್ತಾದ್ರೂ ಆಗುತ್ತೆ."

ಅವನು ಎಳೆದ. ಬಾಗಿಲು ಬೆರಳ ಮೇಲೆ ಬಂದು ಕೂತಿತು. ಅವಳು ಕೈ ತೆಗೆಯಲಿಲ್ಲ. ಅವನು ಇನ್ನೊಮ್ಮೆ ಎಳೆಯಲೆಂದು ಬಾಗಿಲನ್ನು ತುಸು ಸಡಿಲಿಸಿದಾಗ ಹೊರಗಿನಿಂದ ಮತ್ತೊಂದು ಕೈ ಬಂದು ಅವಳ ಬೆರಳ ಕೆಳಗೆ ಚೌಕಟ್ಟನ್ನು ಹಿಡಿಯಿತು. ಸೋಪಿನಿಂದ ಬಿರಿದ ಆ ಕೈ ಓರಗಿತ್ತಿಯದು. ಅದರ ಕೆಳಗೆ ಉರುಳೆಗೆ ಬಟ್ಟೆ ಒಡ್ಡುವ ಮುದುಕಿಯದು. ಅದರ ಕೆಳಗಿನದು ಯಾರದೆಂದು ಅವಳಿಗೆ ಕಾಣಲಿಲ್ಲ.

ಹಿಂದೆ ಯಂತ್ರ ಓಡುತ್ತಲೇ ಇತ್ತು. ಹಿಡಿಯುವವರಿಲ್ಲದ ಚಾದರಗಳು ಬಿಸಿಬಿಸಿಯಾಗಿ ಒಂದರ ಮೇಲೊಂದು ಕೆಸರು ನೆಲಕ್ಕೆ ಬೀಳುತ್ತಿದ್ದವು. ತನ್ನ ಕೋಣೆಯಿಂದ ಧಣಿ ಏನಾಯ್ತೆಂದು ಕೂಗಿ ಕೇಳುತ್ತಿದ್ದ. ಮೇಸ್ತ್ರಿ ಬಾಗಿಲನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ. ಅವಳ ಉಗುರಿನ ಬುಡದಿಂದ ರಕ್ತ ಇಳಿದು ಓರಗಿತ್ತಿಯ ಬೆರಳಿಗೆ ಬಂತು.

"ಎಳಿ," ಎಂದಳು ಓರಗಿತ್ತಿ.