ಕಾರ್ಡಿನಲ್ಲಿ ಮಗು

ನೆರವು ಸಂಸ್ಥೆಯ ಸಮೀಕ್ಷೆಯವಳು ಬರುತ್ತಾಳೆಂದು ತಿಳಿದ ಕೂಡಲೇ ಹಸ್ನಾಳ ಅತ್ತೆ ಟಿ.ವಿ.ಯನ್ನು ಕಂಬಳಿಯಲ್ಲಿ ಸುತ್ತಿ ಪಕ್ಕದ ಡೇರೆಗೆ ಸಾಗಿಸಿದಳು. ಒಳ್ಳೆಯ ಹಾಸಿಗೆಯೂ ಹೋಯಿತು. ಸಿರಿಯಾ ಬಿಟ್ಟು ಲೆಬನಾನಿನ ಬೆಕಾ ಬಯಲಿಗೆ ಬಂದವರ ಆ ಬಿಡಾರದಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಿದ್ದರು. ಬಡತನ ಇದ್ದರೆ ಸಾಲದು, ಕಣ್ಣಿಗೆ ಕಾಣಬೇಕು. ಇಲ್ಲದಿದ್ದರೆ ನೆರವಿನ ಕಾರ್ಡು ರದ್ದು.

ಕೊನೆಗೆ ಮುದುಕಿ ಮೊಳೆಗೆ ತೂಗುಹಾಕಿದ್ದ ಬಿಳಿ ನಿಲುವಂಗಿಯನ್ನು ಎಳೆದು ಗೋಧಿನುಚ್ಚಿನ ಚೀಲದ ಹಿಂದೆ ತುರುಕಿದಳು. ಅದು ಹಸ್ನಾಳ ಮಗಳು, ಹದಿನಾಲ್ಕರ ರುವೈದಾಳ ಮದುವೆಯ ಉಡುಪು. ವರ, ಬಿಡಾರದ ಮೇಸ್ತ್ರಿ ಅಬು ನವ್ವಾಫನ ತಮ್ಮ. ಡೇರೆ ಹಾಕಿದ ನೆಲ, ಆಲೂಗಡ್ಡೆ ಹೊಲದ ಕೂಲಿ ಎಲ್ಲವೂ ಆ ಮೇಸ್ತ್ರಿಯ ಕೈಯಲ್ಲಿತ್ತು. ನಾಳೆ ಧರ್ಮಗುರು ಶೇಖ್ ಬಂದು ಬಾಯಿಮಾತಿನಲ್ಲೇ ನಿಕಾಹ್ ಮಾಡಿಸುತ್ತಾನೆ, ಎಲ್ಲೂ ದಾಖಲಾಗುವುದಿಲ್ಲ. ಹುಡುಗಿ ಗಂಡನ ಡೇರೆಗೆ ಹೋದರೂ ಅವಳ ಪಾಲು ಈ ಕಾರ್ಡಿನಲ್ಲೇ ಉಳಿಯುತ್ತದೆ. ಅಲ್ಲಿನ ರೂಢಿಯೇ ಅದಾಗಿಬಿಟ್ಟಿತ್ತು.

"ಅತ್ತೆ, ಇನ್ನು ನಾಲ್ಕು ವರ್ಷ ತಡೀರಿ," ಎಂದಳು ಹಸ್ನಾ.

"ನೀನೂ ಇದೇ ವಯಸ್ಸಿಗೆ ನನ್ನ ಮನೆಗೆ ಬಂದೆ. ಸತ್ತುಹೋದ್ಯಾ? ಗಂಡು ದಿಕ್ಕಿಲ್ಲದ ಡೇರೆ ಇದು. ಬಾಯಿ ಮುಚ್ಕೊಂಡು ಚಹಾ ಇಡು."

ಹಸ್ನಾ ಸತ್ತಿರಲಿಲ್ಲ. ಅವಳ ಮೊದಲ ಮಗು ಸತ್ತಿತ್ತು.

ಸಮೀಕ್ಷೆಯ ಅರೀಜ್ ಬಂದು ಚಾಪೆಯ ಮೇಲೆ ಕೂತಳು.

"ಮನೇಲಿ ಯಾರ್ಯಾರಿದ್ದೀರಿ, ಅಜ್ಜಿ?"

"ನಾನು, ಸೊಸೆ, ಈ ಮಗು. ಹಾಲುಗಲ್ಲದ ಕೂಸು ಕಣವ್ವಾ, ಒಬ್ಬಳೇ ಮಲಗೋಕೂ ಹೆದರ್ತಾಳೆ."

ಚಹಾ ತಂದ ರುವೈದಾ ತಾಯಿಯ ಮುಖ ನೋಡಿದಳು.

"ಶಾಲೆಗೆ ಹೋಗ್ತಾಳಾ?"

"ಮುಂದಿನ ವರ್ಷ ಕಳಿಸ್ತೀವಿ," ಎಂದಳು ಮುದುಕಿ.

"ನಾಳೆ ಅವಳ ಮದುವೆ," ಎಂದಳು ಹಸ್ನಾ.

"ಇವಳಿಗೆ ತಲೆ ಕೆಟ್ಟಿದೆ! ಬರ್ಕೋಬೇಡವ್ವಾ!"

ಅರೀಜ್ ಬರೆಯುವುದನ್ನು ನಿಲ್ಲಿಸಿದಳು. "ಅಕ್ಕಾ, ನಿಲ್ಲಿಸೋ ಅಧಿಕಾರ ನನಗಿಲ್ಲ. ಮಕ್ಕಳ ರಕ್ಷಣೆಯವರಿಗೆ ಹೇಳ್ತೀನಿ, ಆದ್ರೆ ಅವರು ಬರೋ ಹೊತ್ತಿಗೆ ನಿಕಾಹ್ ಮುಗಿದಿರುತ್ತೆ. ತಡೆಯೋದಾದ್ರೆ ನೀವೇ ತಡೀಬೇಕು."

"ತಡೆದ್ರೆ ಮೇಸ್ತ್ರಿ ಓಡಿಸ್ತಾನೆ. ನೀನು ಜಾಗ ಕೊಡ್ತೀಯೇನೇ?" ಮುದುಕಿ ಗದರಿದಳು.

"ಇಲ್ಲ ಅಜ್ಜಿ. ಆದ್ರೆ ರಸ್ತೆಯಾಚೆ ಬಿಡಾರದಲ್ಲಿ ಹೀಗೇ ಮದುವೆಯಾದ ಒಬ್ಬ ಹುಡುಗಿ ಕೂಸು ಎತ್ಕೊಂಡು ತವರಿಗೆ ವಾಪಸ್ ಬಂದಿದ್ದಾಳೆ. ಮದುವೆಗೆ ಕಾಗದ ಇಲ್ಲ, ಹಾಗಾಗಿ ಕೂಸಿಗೂ ಇಲ್ಲ. ಕಾರ್ಡಿನ ಲೆಕ್ಕದಲ್ಲಿ ಅದು ಹುಟ್ಟೇ ಇಲ್ಲ. ತಿನ್ನೋ ಬಾಯಿ ಕಡಿಮೆ ಆಯ್ತಾ, ಜಾಸ್ತಿ ಆಯ್ತಾ, ನೀವೇ ಹೇಳಿ."

ಹಸ್ನಾ ಎದ್ದು ನೇರ ಮೇಸ್ತ್ರಿಯ ಡೇರೆಗೆ ನಡೆದಳು.

"ಮಗಳನ್ನ ಕೊಡಲ್ಲ, ಅಬು ನವ್ವಾಫ್."

ಅವನು ನಕ್ಕ. "ನಿಮ್ಮ ಅತ್ತೆ ಮಾತು ಕೊಟ್ಟಾಗಿದೆ."

"ಹೆತ್ತವಳು ನಾನು."

"ಹಾಗಾದ್ರೆ ಸಂಜೆಯೊಳಗೆ ನನ್ನ ನೆಲ ಖಾಲಿ ಮಾಡು. ನಾಳೆಯಿಂದ ಹೊಲಕ್ಕೂ ಬರಬೇಡ."

ಹಸ್ನಾ ವಾಪಸು ಬಂದವಳೇ ಡೇರೆಯ ಗೂಟಕ್ಕೆ ಕೈ ಹಾಕಿದಳು. ರುವೈದಾ ಯಾರೂ ಹೇಳದೆಯೇ ಆ ಬದಿಯ ಹಗ್ಗ ಬಿಚ್ಚತೊಡಗಿದಳು. ಮುದುಕಿ ಶಾಪ ಹಾಕುತ್ತ ಒಳಗೇ ಕೂತಿದ್ದಳು. ತಾಡಪಾಲು ಅವಳ ಮೇಲೆ ಜೋಲತೊಡಗಿತು.

"ಎಲ್ಲಿಗೆ ಹೋಗ್ತೀಯೇ, ಹಾಳಾದವಳೇ?"

"ಗೊತ್ತಿಲ್ಲ ಅತ್ತೆ. ತಲೆ ಬಗ್ಗಿಸಿ, ಕಂಬ ಕೀಳ್ತಿದ್ದೀನಿ."