ಒಗೆಯುವ ಕಲ್ಲಿನ ಕೊನೆಯ ಸಾಲು

"ಕಲ್ಲು ಹೊಳ್ಳಿಸಿ ಹಾಕಿದ್ರ ನಾ ಅರಬಿ ಎಲ್ಲಿ ಒಗೀಲೋ? ನಿನ್ನ ತಲಿ ಮ್ಯಾಲೇನು?" ಎಂದು ಶಿವಕಾಂತಮ್ಮ ಒದ್ದೆ ಸೀರೆಯನ್ನು ಮತ್ತೊಮ್ಮೆ ಕಲ್ಲಿಗೆ ಬಡಿದಳು. ದೌಲಪ್ಪನ ಮುಖಕ್ಕೆಲ್ಲ ನೀರು ಸಿಡಿಯಿತು.

"ಒಂದ್ ತಾಸಿನ ಮಾತು, ಅತ್ತಿ. ಗುಡ್ಯಾಗಿನ ಶಾಸನದ ಕಲ್ಲು ಅರ್ಧಕ್ಕ ಮುರದದ. ಉಳಿದರ್ಧ ಇದೇ ಇರಬೇಕು."

ಶಿವಕಾಂತಮ್ಮ ಮದುವೆಯಾಗಿ ಕಮಲಾಪುರಕ್ಕೆ ಬಂದಾಗಿನಿಂದ ಆ ಕಲ್ಲಿನ ಮೇಲೆಯೇ ಬಟ್ಟೆ ಒಗೆದವಳು. ಸೋದರಳಿಯ ಎಂದು ಒಪ್ಪಿದಳೇ ಹೊರತು ನಂಬಿಕೆಯಿಂದಲ್ಲ.

ದೌಲಪ್ಪ ನಾಲ್ಕು ವರ್ಷದಿಂದ ಕಲಬುರಗಿಯ ಗುರುಲಿಂಗಪ್ಪ ಮಾಸ್ತರರ ಶಿಷ್ಯ. ಮಾಸ್ತರರು ಹಗಲು ನಿಜಾಮ ಸರ್ಕಾರದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುವವರು, ಸಂಜೆಯಾದರೆ ಹಳಗನ್ನಡ ಶಾಸನವೇ ಅವರ ಊಟ. ಊರೂರು ಅಲೆಯುವುದು, ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ ಬ್ರಷ್ಷಿನಿಂದ ಬಡಿಯುವುದು, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ದೌಲಪ್ಪನ ಪಾಲು. ಓದುವುದರಲ್ಲೂ ಅರ್ಧ ಅವನದೇ. ಕಮಲಾಪುರದ ಶಾಸನದ ಮೇಲಿನ ಲೇಖನ ಧಾರವಾಡದ ಮಾಸಪತ್ರಿಕೆಗೆ ಹೋಗಲು ಸಿದ್ಧವಾಗಿತ್ತು. ಅದರ ಕೆಳಗೆ ಇದ್ದದ್ದು ಮಾಸ್ತರರ ಹೆಸರೊಂದೇ.

ತನ್ನ ಹೆಸರನ್ನೂ ಹಾಕಬಹುದೇ ಎಂದು ಒಮ್ಮೆ ಅವನು ಧೈರ್ಯ ಮಾಡಿ ಕೇಳಿದ್ದ. "ಗುರುವಿನ ಹೆಸರಿನ್ಯಾಗ ಶಿಷ್ಯ ಇರ್ತಾನಪಾ. ನಮ್ಮ ಗುರುಗಳು ಬರದದ್ದರಾಗ ನಾ ಇದ್ದಿಲ್ಲೇನು?" ಎಂದಿದ್ದರು ಮಾಸ್ತರರು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆಸೆಗೆಲ್ಲಿಯ ಗುರುಭಕ್ತಿ? ಅಚ್ಚಿನಲ್ಲಿ ಒಮ್ಮೆಯಾದರೂ ತನ್ನ ಹೆಸರು ನೋಡಬೇಕೆಂದು ಅವನ ಜೀವ ತುಡಿಯುತ್ತಿತ್ತು.

ಓಣಿಯ ನಾಲ್ಕು ಜನ ಹಾರೆ ಹಾಕಿ ಕಲ್ಲು ಮಗುಚಿದರು. ಮಣ್ಣಿನಡಿ ಸಾಲು ಸಾಲು ಅಕ್ಷರ! "ಅಯ್ಯ ನಮ್ಮವ್ವ! ಇಷ್ಟ್ ದಿನ ಇದರ ಬೆನ್ನಿಗೆ ಬಡದೆನಲ್ಲೋ!" ಎಂದು ಶಿವಕಾಂತಮ್ಮ ತಾನೇ ತೆಂಗಿನ ನಾರು ಹಿಡಿದು ತಿಕ್ಕಲು ಕೂತಳು. ದೌಲಪ್ಪ ಪಡಿಯಚ್ಚು ತೆಗೆಯುತ್ತ ಕೊನೆಯ ಸಾಲಿಗೆ ಬಂದವನು ಅದನ್ನೇ ಮೂರು ಸಲ ಓದಿದ.

ಮರುದಿನ ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ತಮ್ಮ ಮನೆಯಲ್ಲಿ ಮಾಸ್ತರರು ಆ ಕಾಗದವನ್ನು ಚಾಪೆಯ ಮೇಲೆ ಹರಡಿ, ಹಾಲು ಸಿಕ್ಕ ಮಗುವಿನಂತೆ ಹಿಗ್ಗುತ್ತ ಗಟ್ಟಿಯಾಗಿ ಓದತೊಡಗಿದರು. ದಾನದ ವಿವರ ಮುಗಿಯಿತು, ಅದನ್ನು ಕೆಡಿಸಿದವರಿಗೆ ಹಾಕಿದ ಶಾಪವೂ ಮುಗಿಯಿತು. ಕೊನೆಯ ಸಾಲು ಬಂತು.

"ಈ ಶಾಸನಮಂ ಪೇಳ್ದಂ ನಾಗದೇವ ಪಂಡಿತಂ. ಬರೆದು ಕಂಡರಿಸಿದಂ ಆತನ ಶಿಷ್ಯಂ ಮಲ್ಲೋಜಂ."

ಮಾಸ್ತರರ ಬೆರಳು ಆ ಸಾಲಿನ ಮೇಲೆಯೇ ನಿಂತಿತು.

"ನೀ ಇದನ್ನ ಅಲ್ಲೇ ಓದಿದ್ದಿಯೇನು?"

"ಹೌದ್ರಿ."

"ಮತ್ತ ಯಾಕ ಹೇಳಲಿಲ್ಲ?"

"ನಾ ಹ್ಯಾಂಗ ಹೇಳ್ಲಿ ರೀ?" ದೌಲಪ್ಪ ತಲೆ ತಗ್ಗಿಸಿದ.

ಮಾಸ್ತರರು ಕನ್ನಡಕ ಜಾರುವಷ್ಟು ನಕ್ಕರು. "ಎಂಟುನೂರು ವರ್ಷದ ಹಿಂದ ಶಿಷ್ಯನ ಹೆಸರೂ ಕೆತ್ತಿಸಿದ ಪಂಡಿತ ಎದ್ದು ಬಂದು ನನ್ನ ಕಪಾಳಕ್ಕ ಹೊಡದ ನೋಡೋ!" ಲೇಖನ ತೆಗೆದು, ತಮ್ಮ ಹೆಸರಿನ ಪಕ್ಕಕ್ಕೆ ಅಷ್ಟೇ ದಪ್ಪ ಅಕ್ಷರದಲ್ಲಿ ದೌಲಪ್ಪನ ಹೆಸರು ಬರೆದರು. ಮಸಿ ಆರಲೆಂದು ಊದುತ್ತ ಮೆಲ್ಲಗೆ, "ನಮ್ಮ ಗುರುಗಳಿಗೂ ಈ ಕಲ್ಲು ಸಿಕ್ಕಿದ್ರ ಛಲೋ ಆಗ್ತಿತ್ತು" ಎಂದರು. ಸಂತೋಷವೂ ಅಳುವೂ ಒಟ್ಟಿಗೇ ಬಂದು ದೌಲಪ್ಪ ಅವರ ಕಾಲು ಹಿಡಿದ. "ಏಳೋ, ಈ ಉಳಿದರ್ಧ ಕಲ್ಲಿಂದು ಇನ್ನೂ ಲೇಖನದಾಗ ಬರೀಬೇಕು" ಎಂದು ಅವರು ಬೆನ್ನಿಗೊಂದು ಗುದ್ದು ಕೊಟ್ಟರು.

ಮೂರು ತಿಂಗಳಿಗೆ ಪತ್ರಿಕೆ ಬಂತು. ದೌಲಪ್ಪ ಅದನ್ನು ಎದೆಗವಚಿಕೊಂಡು ಕಮಲಾಪುರಕ್ಕೆ ಓಡಿದ. ಶಾಸನದ ಕಲ್ಲು ಈಗ ಗೋಡೆಗೊರಗಿ ನಿಂತು ವಿಭೂತಿ ಬಳಿಸಿಕೊಂಡಿತ್ತು. ಶಿವಕಾಂತಮ್ಮ ಹೊಸ ಕಲ್ಲಿನ ಮೇಲೆ ಒಗೆಯುತ್ತಿದ್ದಳು. ಅವಳಿಗೆ ಓದು ಬಾರದು. ದೌಲಪ್ಪ ತನ್ನ ಹೆಸರು ತೋರಿಸಿದ, ಮಾಸ್ತರರ ಹೆಸರು ತೋರಿಸಿದ.

"ಕಲ್ಲು ನಂದು. ತಿಕ್ಕಿದಾಕಿ ನಾನು. ನನ್ನ ಹೆಸರು ಎಲ್ಲಿ ಅದ?"

ದೌಲಪ್ಪ ನಗುತ್ತ ಪುಟದ ಬುಡಕ್ಕೆ ಬೆರಳಿಟ್ಟು ಓದಿದ. "ಈ ಕಲ್ಲನ್ನು ಕಾಪಾಡಿ, ತೊಳೆದುಕೊಟ್ಟವರು ಕಮಲಾಪುರದ ಶಿವಕಾಂತಮ್ಮನವರು." ಕಣ್ಣೆತ್ತಿ, "ಇದನ್ನ ಮಾಸ್ತರರೇ ಬರದಾರ, ಅತ್ತಿ" ಎಂದ.

"ಇಷ್ಟ್ ಸಣ್ಣ ಅಕ್ಷರದಾಗ?" ಎಂದು ಗದರಿದವಳು, ಕೈ ಒರೆಸಿಕೊಳ್ಳುವುದನ್ನೂ ಮರೆತು ಆ ಸಾಲನ್ನು ಮುಟ್ಟಿದಳು. ಒದ್ದೆ ಬೆರಳಿನ ಗುರುತು ಕಾಗದದ ಮೇಲೆ ನಿಧಾನವಾಗಿ ಹರಡಿತು.